ಗ್ರೈಂಡರಿಗೆ ಕೊಟ್ಟ ಕತ್ತಿ ಯಾಕೆ ಬೇಗ ಮೊಂಡಾಗುತ್ತದೆ?

ಪ್ರಶ್ನೆ: ಗುಡ್ಡೆ ಹತ್ತುವಾಗ, ತೋಟದಲ್ಲಿ ಓಡಾಡುವಾಗ ಜೊತೆಗಿಡಲು ಮಡಚದ ಪೀಶಕತ್ತಿ (ಚಿಕ್ಕ ಚೂರಿ) ಒಂದು ಬೇಕು. ಯಾವುದು ತೆಗೆದುಕೊಳ್ಳಲಿ? ಈಗ ಇರುವುದನ್ನು ತಿಂಗಳಿಗೊಮ್ಮೆ ಗ್ರೈಂಡರಿಗೆ (ಸಾಣೆ ಹಿಡಿಯುವ ಚಕ್ರಕ್ಕೆ) ಕೊಟ್ಟರೂ ಹರಿತ ನಿಲ್ಲುವುದಿಲ್ಲ.

ಉತ್ತರ: ಮಳೆ ಬಿಟ್ಟು ರಾಣಿಪುರ, ಪೊಸಡಿಗುಂಪೆ ಗುಡ್ಡೆಗಳಿಗೆ ಅಂತ ಜನ ಹೊರಡಲು ಶುರು ಮಾಡಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಈ ಸಲ ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಕೊಳ್ಳುವ ವಿಷಯ ಮೊದಲು ಮುಗಿಸೋಣ. ಅಲಗು 4 ಇಂಚು ಸಾಕು. ಬೆನ್ನು 3 ಮಿಲಿಮೀಟರ್ ದಪ್ಪ ಇದ್ದರೆ ಸಾಕು. ಅದಕ್ಕಿಂತ ದಪ್ಪದ್ದು ಕೈಗೆ ಗಟ್ಟಿ ಅನಿಸಬಹುದು, ಆದರೆ ಹಣ್ಣು ಕೊಯ್ದರೆ ಸೀಳುತ್ತದೆ, ಕೊಯ್ಯುವುದಿಲ್ಲ. ಅಲಗಿನ ಕಬ್ಬಿಣ ಹಿಡಿಯೊಳಗೆ ಕೊನೆತನಕ ಹೋಗಿರಬೇಕು. ಅರ್ಧಕ್ಕೇ ನಿಂತದ್ದು ಒಂದು ದಿನ ಹಿಡಿಯಿಂದ ಕಳಚುತ್ತದೆ, ಅದೂ ಕೈಗೆ ಬಲ ಹಾಕಿದಾಗಲೇ. ಬೊಂಡ ಕೆತ್ತಲು, ಬಲ್ಲೆ ಸವರಲು ಮನೆಯಲ್ಲಿ ದೊಡ್ಡ ಕತ್ತಿ ಇದ್ದೇ ಇದೆ ಅಲ್ವಾ? ಆ ಕೆಲಸ ಇದರಿಂದ ಮಾಡಿಸಬೇಡಿ.

ಸ್ಟೇನ್‌ಲೆಸ್ಸಾ, ಸಾದಾ ಉಕ್ಕಾ? ಕಡಲಿಗೆ, ಮೀನಿನ ಕೆಲಸಕ್ಕೆ ಆದರೆ ಸ್ಟೇನ್‌ಲೆಸ್. ಉಕ್ಕಿನಲ್ಲಿ ಕಡಿಮೆ ಎಂದರೆ ಶೇಕಡಾ 10.5 ಕ್ರೋಮಿಯಂ ಇದ್ದರೆ ಆ ಹೆಸರು ಸಿಗುತ್ತದೆ. ಆದರೂ ಉಪ್ಪುಗಾಳಿಗೆ ಅದರಲ್ಲೂ ಚುಕ್ಕೆ ಏಳುತ್ತದೆ, ಒರೆಸುವ ಕೆಲಸ ತಪ್ಪುವುದಿಲ್ಲ. ಬಳಸಿದ ಮೇಲೆ ಒರೆಸಿಡುವ ಅಭ್ಯಾಸ ನಿಮಗಿದ್ದರೆ ಸಾದಾ ಉಕ್ಕನ್ನೇ ತೆಗೆದುಕೊಳ್ಳಿ. ಮಸೆಯುವ ಕಲ್ಲಿಗೆ ಬೇಗ ಒಗ್ಗುತ್ತದೆ.

ಇನ್ನು ಗ್ರೈಂಡರ್. ನಮ್ಮ ಕಡೆ ಒಂದು ನಂಬಿಕೆ ಬೇರೂರಿದೆ: ಕಿಡಿ ಹಾರಿದಷ್ಟು ಹರಿತ ಜಾಸ್ತಿ ಅಂತ. ನಿಮ್ಮ ಕತ್ತಿಯನ್ನು ಕೆಡಿಸಿದ್ದು ಇದೇ ನಂಬಿಕೆ.

ಕತ್ತಿ ಗಟ್ಟಿಯಾಗುವುದು ಹದದಿಂದ. ಆಚಾರಿಯವರು ಅಲಗನ್ನು ಕೆಂಪಗೆ, ಹೆಚ್ಚುಕಡಿಮೆ 800 ಡಿಗ್ರಿಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಆಗ ಅದು ಗಾಜಿನ ಹಾಗೆ ಗಟ್ಟಿ, ಗಾಜಿನ ಹಾಗೆಯೇ ಒಡೆಯುವಂಥದ್ದು. ಆಮೇಲೆ ಮತ್ತೆ ಸ್ವಲ್ಪ ಬಿಸಿ ಮಾಡಿ ಆ ಪೆಡಸುತನ ಇಳಿಸುತ್ತಾರೆ. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕು 220 ಡಿಗ್ರಿ ಹೊತ್ತಿಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಚಿಕ್ಕ ಕತ್ತಿಗೆ ಅಲ್ಲಿಗೇ ನಿಲ್ಲಿಸಬೇಕು. 260ರ ಹತ್ತಿರ ಕಂದು, 300ರ ಹತ್ತಿರ ನೀಲಿ. ನೀಲಿ ಬಂತೆಂದರೆ ಅಂಚು ಮೆತ್ತಗಾಯಿತು ಎಂದೇ ಅರ್ಥ.

ಈಗ ಕತ್ತಿಯ ಬಾಯಿ ನೋಡಿ. ತುದಿಯಲ್ಲಿ ಕಾಗದಕ್ಕಿಂತ ತೆಳ್ಳಗಿದೆ. ಒಣ ಚಕ್ರ ತಾಗಿದಾಗ ಹುಟ್ಟುವ ಬಿಸಿಗೆ ಹೋಗಲು ಅಲ್ಲಿ ಜಾಗವೇ ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ 300 ದಾಟುತ್ತದೆ. ಹಿಡಿ ತಣ್ಣಗೇ ಇರುತ್ತದೆ, ಹಾಗಾಗಿ ಏನೂ ಆಗಿಲ್ಲ ಅನಿಸುತ್ತದೆ.

ನನ್ನದೇ ಒಂದು ಕತ್ತಿ ಹೀಗೆ ಹಾಳಾಯಿತು. ಸಂತೆಯಲ್ಲಿ ಚಕ್ರ ಇಟ್ಟವರೊಬ್ಬರಿಗೆ ಕೊಟ್ಟಿದ್ದೆ. ಎರಡೇ ನಿಮಿಷ, ಫಳಫಳ ಹೊಳೆಯುವ ಬಾಯಿ. ಮನೆಗೆ ತಂದು ಬೆಳಕಿಗೆ ಹಿಡಿದರೆ ತುದಿಯ ಹತ್ತಿರ ಅಕ್ಕಿಕಾಳಿನಷ್ಟು ಅಗಲದ ನೀಲಿ ಗೆರೆ. ಆ ದಿನ ಕೂದಲೂ ಕತ್ತರಿಸುತ್ತಿತ್ತು. ವಾರದಲ್ಲಿ ನಾಲ್ಕು ಮಾರು ತೆಂಗಿನ ಹಗ್ಗ ಕೊಯ್ದಿರಬಹುದು, ಅಷ್ಟೇ. ಗೆರೆ ಇದ್ದ ಕಡೆ ಮಾತ್ರ ಬಾಯಿ ಒಂದು ಪಕ್ಕಕ್ಕೆ ಮಗುಚಿತ್ತು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಉಳಿದ ಭಾಗ ಮೊದಲಿನ ಹಾಗೇ ಇತ್ತು.

ಇದನ್ನು ಹೇಳಿದರೆ ಎರಡು ಮಾತು ತಪ್ಪದೆ ಬರುತ್ತದೆ. ಮೊದಲನೆಯದು, ‘ನೀಲಿ ಆದ ಕೂಡಲೇ ನೀರಿಗೆ ಅದ್ದಿದರೆ ಸರಿಯಾಗುತ್ತದಲ್ಲ?’ ಇಲ್ಲ. ಅದ್ದುವುದರಿಂದ ಗಟ್ಟಿಯಾಗುವುದು 800ರಲ್ಲಿ ಕೆಂಪಗಾದ ಉಕ್ಕು. 300ರಲ್ಲಿ ಅದ್ದಿದರೆ ಮೆತ್ತಗಾದ ಉಕ್ಕು ತಣ್ಣಗಾಗುತ್ತದೆ, ಬೇರೇನೂ ಇಲ್ಲ. ಅದ್ದುವುದಿದ್ದರೆ ಬಣ್ಣ ಬರುವ ಮೊದಲು, ಪ್ರತಿ ಎಳೆತಕ್ಕೂ ಅದ್ದಬೇಕು. ಎರಡನೆಯದು, ‘ಬಣ್ಣ ಉಜ್ಜಿದರೆ ಹೋಯಿತಲ್ಲ?’ ಬಣ್ಣ ಮೇಲಿನ ಪೊರೆ ಮಾತ್ರ. ಪೊರೆ ಹೋದರೂ ಒಳಗಿನ ಉಕ್ಕು ಮೆತ್ತಗೇ ಇರುತ್ತದೆ. ಆ ಭಾಗವನ್ನು ಕಲ್ಲಿನಲ್ಲಿ ಪೂರ್ತಿ ಸವೆಸಿ ಒಳಗಿನ ಗಟ್ಟಿ ಉಕ್ಕು ಸಿಗುವ ತನಕ ಹೋಗಬೇಕು, ಇಲ್ಲವೇ ಆಚಾರಿಯವರ ಹತ್ತಿರ ಮತ್ತೆ ಹದ ಹಾಕಿಸಬೇಕು. ಅಂದರೆ ತಿಂಗಳಿಗೊಮ್ಮೆ ಗ್ರೈಂಡರಿಗೆ ಕೊಡುವವರು ಹರಿತವನ್ನಲ್ಲ, ಹದವನ್ನು ತೆಗೆಸುತ್ತಿದ್ದಾರೆ. ಬೇಗ ಮೊಂಡಾಗುತ್ತದೆ ಅಂತ ಮತ್ತೆ ಅಲ್ಲಿಗೇ ಒಯ್ಯುತ್ತಾರೆ!

ಮಸೆಯುವ ಕಲ್ಲು ತನ್ನಿ. ಒಂದು ಬದಿ 400 (ತರಿ), ಇನ್ನೊಂದು ಬದಿ 1000 (ನುಣುಪು) ನಂಬರಿನದ್ದು ಸಾಕು. ನೀರು ಹಾಕಿ. ಕತ್ತಿಯನ್ನು ಕಲ್ಲಿನ ಮೇಲೆ ಬಾಯಿ ಕೆಳಗಾಗಿ ನೆಟ್ಟಗೆ ನಿಲ್ಲಿಸಿ, ಅರ್ಧಕ್ಕೆ ಬಾಗಿಸಿ, ಮತ್ತೆ ಅದರ ಅರ್ಧಕ್ಕೆ ಬಾಗಿಸಿ. ಅದು ಸುಮಾರು 22 ಡಿಗ್ರಿ ಆಯಿತು, ಹೊರಗಿನ ಕೆಲಸಕ್ಕೆ ಹೇಳಿದ ಕೋನ. ಬಾಯಿಯ ಅಂಚಿಗೆ ಮಾರ್ಕರ್ ಪೆನ್ನಿನ ಗೆರೆ ಎಳೆದು ನಾಲ್ಕು ಸಲ ಮಸೆಯಿರಿ. ಮಸಿ ಎಲ್ಲಿ ಉಳಿದಿದೆಯೋ ಅಲ್ಲಿ ಕಲ್ಲು ತಾಗಿಲ್ಲ. ಒಂದು ಬದಿ ಮಸೆದಾಗ ಇನ್ನೊಂದು ಬದಿಯಲ್ಲಿ ಸಣ್ಣ ಮುಳ್ಳಿನಂತೆ ಅಂಚು ಏಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲಗೆ ಸವರಿದರೆ ತಿಳಿಯುತ್ತದೆ. ಬಾಯಿಯ ಉದ್ದಕ್ಕೆ ಸವರಬೇಡಿ, ಕೊಯ್ಯುತ್ತದೆ. ಆ ಮುಳ್ಳು ಉದ್ದಕ್ಕೂ ಎದ್ದ ಮೇಲೆಯೇ ಬದಿ ಬದಲಿಸಿ. ಕೊನೆಗೆ ಹಳೇ ಚರ್ಮದ ಬೆಲ್ಟಿಗೆ ಹಿಮ್ಮುಖವಾಗಿ, ಅಂದರೆ ಬೆನ್ನು ಮುಂದಾಗಿ, ಹತ್ತು ಸಲ ಎಳೆಯಿರಿ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ಹಸಿ ಅಡಿಕೆ ಕೊಯ್ದಾಗ ಸಾದಾ ಉಕ್ಕಿನ ಕತ್ತಿ ಕಪ್ಪಾಗುತ್ತದೆ. ಹಾಳಾಯಿತೆಂದು ಹೊಸತನ್ನು ಬಿಸಾಡಿದವರೂ ಇದ್ದಾರೆ. ಅಡಿಕೆಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣಕ್ಕೆ ಸೇರಿದಾಗ ಬರುವ ಬಣ್ಣ ಅದು. ಹಿಂದೆ ಬರೆಯುವ ಮಸಿಯನ್ನೂ ಹೀಗೆಯೇ, ಕಾಯಿಯ ಒಗರಿಗೆ ಕಬ್ಬಿಣದ ಉಪ್ಪು ಸೇರಿಸಿ ಮಾಡುತ್ತಿದ್ದರು. ಕಪ್ಪನ್ನು ಹಾಗೇ ಬಿಡಿ. ಕೆಂಪಗೆ ಪುಡಿ ಉದುರುವುದನ್ನು ಮಾತ್ರ ಅವತ್ತೇ ಉಜ್ಜಿ ತೆಗೆಯಿರಿ. ಹಲಸಿನ ಮೇಣ ಅಂಟಿದರೆ ನೀರು ಹಾಕಬೇಡಿ, ತೆಂಗಿನೆಣ್ಣೆ ಸವರಿ ಒರೆಸಿ. ಚರ್ಮದ ಒರೆ ಸೊಂಟಕ್ಕೆ ಚಂದ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಅದರೊಳಗೆ ತೇವ ಕೂತಿರುತ್ತದೆ. ಆ ನಾಲ್ಕು ತಿಂಗಳು ಕತ್ತಿಗೆ ಎಣ್ಣೆ ಕೈ ಸವರಿ, ಒಣ ಬಟ್ಟೆಯಲ್ಲಿ ಸುತ್ತಿ, ಒರೆಯಿಂದ ಹೊರಗೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ.