ಆಕಾಶ ನೋಡುತ್ತಾ ಶೆಡ್ ಮರೆತೆವು: ಜಾತ್ರೆ ಬೆಡಿಯ ಪರ್ಮಿಷನ್ ಕತೆ

ಜಾತ್ರೆ ಸೀಸನ್ ಶುರುವಾದರೆ ಸಾಕು, ನಮ್ಮ ಕರಾವಳಿಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಜಗಳ. ಈ ಸಲ ಬೆಡಿ ಇದೆಯಾ, ಇಲ್ವಾ? ಸುಪ್ರೀಂ ಕೋರ್ಟ್ ನಿಲ್ಲಿಸಿದೆ ಅಂತ ಒಬ್ಬರು. ಅಲ್ಲ, ಡಿಸಿ ಸಹಿ ಹಾಕಿಲ್ಲ ಅಂತ ಇನ್ನೊಬ್ಬರು. ಕೇರಳದಲ್ಲಿ ಆದದ್ದಕ್ಕೆ ನಮಗ್ಯಾಕೆ ಶಿಕ್ಷೆ ಮಾರಾಯ್ರೆ ಅಂತ ಮತ್ತೊಬ್ಬರು. ಮೂವರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಅದಕ್ಕೇ ಇದು ಬಿಡಿಸಲಾಗದ ಗಂಟಾಗಿ ಕೂತಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಬೆಡಿ ಅಂದರೆ ಜಾತ್ರೆಯಲ್ಲಿ ನಡೆಯುವ ಸುಡುಮದ್ದು ಪ್ರದರ್ಶನ. ಏಪ್ರಿಲ್‌ನಲ್ಲಿ ಮಹಾಲಿಂಗೇಶ್ವರನ ಜಾತ್ರೆಗೆ ಪುತ್ತೂರು ಬೆಡಿ. ಜನವರಿಯಲ್ಲಿ ಗಡಿಯಾಚೆ ಗೋಪಾಲಕೃಷ್ಣನ ಜಾತ್ರೆಗೆ ಕುಂಬಳೆ ಬೆಡಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದ ಮೇಲೆ ಇವೆರಡೂ ಎರಡು ರಾಜ್ಯದ ಪಾಲಾದವು. ಕಾನೂನು ಮಾತ್ರ ಎರಡೂ ಕಡೆ ಒಂದೇ, ಯಾಕೆಂದರೆ ಸ್ಫೋಟಕ ಅನ್ನುವುದು ಕೇಂದ್ರ ಸರ್ಕಾರದ ವಿಷಯ.

ಹಬ್ಬಕ್ಕೆ ಮದ್ದು ಹಾರಿಸುವುದು ನಮ್ಮಲ್ಲಿ ಹೊಸತಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಅಬ್ದುರ್ ರಜಾಕ್ ಮಹಾನವಮಿಯ ಬಾಣಬಿರುಸು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಕಾನೂನು ಬಂದದ್ದು 1884ರಲ್ಲಿ, ಬ್ರಿಟಿಷರ ಎಕ್ಸ್‌ಪ್ಲೋಸಿವ್ಸ್ ಆಕ್ಟ್. ಅದರ ಕೆಳಗೆ 1940ರಲ್ಲಿ ಒಂದು ಸಲ, 1983ರಲ್ಲಿ ಇನ್ನೊಂದು ಸಲ, 2008ರಲ್ಲಿ ಮತ್ತೊಂದು ಸಲ ರೂಲ್ಸ್ ಬರೆದರು. ಕಾಯ್ದೆ ಮಾತ್ರ ಇವತ್ತಿಗೂ ಅದೇ. ಲೈಸೆನ್ಸ್ ಇಲ್ಲದೆ ಸ್ಫೋಟಕ ಇಟ್ಟುಕೊಂಡರೆ, ಬಳಸಿದರೆ ಎಷ್ಟು ಶಿಕ್ಷೆ ಅಂತ 1978ರ ತಿದ್ದುಪಡಿಯಲ್ಲಿ ನೋಡಿದರೆ ನಗು ಬರುತ್ತದೆ. ಜಾಸ್ತಿ ಅಂದರೆ 2 ವರ್ಷ ಜೈಲು, ಇಲ್ಲವೇ 3,000 ರೂಪಾಯಿ ದಂಡ, ಅಥವಾ ಎರಡೂ. ಒಂದು ರಾತ್ರಿಯ ಮೈಕ್ ಸೆಟ್ಟಿನ ಬಾಡಿಗೆಯೇ ಅದಕ್ಕಿಂತ ಜಾಸ್ತಿ.

ಈಗ ಮುಖ್ಯ ಗಂಟಿಗೆ ಬರೋಣ. ಬೆಡಿಯ ಪರ್ಮಿಷನ್ ಅಂತ ನಾವು ಒಂದೇ ಉಸಿರಲ್ಲಿ ಹೇಳುತ್ತೇವಲ್ವಾ, ಅದು ಒಂದು ಕಾಗದ ಅಲ್ಲ. ಮದ್ದು ತಯಾರಿಸಲು ಒಂದು ಲೈಸೆನ್ಸ್, ಇಟ್ಟುಕೊಳ್ಳಲು ಇನ್ನೊಂದು, ಜನರ ಮುಂದೆ ಹಾರಿಸಲು ಮೂರನೆಯದು. ತಯಾರಿ ಮತ್ತು ಸಂಗ್ರಹ ಸಣ್ಣ ಪ್ರಮಾಣದ್ದಾದರೆ ಡಿಸಿ ಕೊಡುತ್ತಾರೆ, ದೊಡ್ಡದಾದರೆ ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪೆಸೊ ಇಲಾಖೆ. ಅದರ ಮುಖ್ಯ ಕಚೇರಿ ಇರುವುದು ನಾಗಪುರದಲ್ಲಿ. ಹಾರಿಸುವುದಕ್ಕೆ ಎಲ್‌ಇ-6 ಅನ್ನುವ ನಮೂನೆಯ ಲೈಸೆನ್ಸ್ ಬೇಕು, ಅದು ಜಿಲ್ಲಾ ಮ್ಯಾಜಿಸ್ಟ್ರೇಟರ ಕೈಯಲ್ಲಿ, ಅಂದರೆ ಮತ್ತೆ ಡಿಸಿ. ಅದಕ್ಕೆ ಮೊದಲು ಪೊಲೀಸರ ಎನ್‌ಒಸಿ, ಫೈರ್ ಸ್ಟೇಷನ್ನಿನ ಎನ್‌ಒಸಿ. ದೇವಸ್ಥಾನದ ಕಮಿಟಿ ಓಡಾಡುವುದೆಲ್ಲ ಈ ಮೂರನೆಯ ಕಾಗದಕ್ಕೆ. ಮೊದಲಿನ ಎರಡು ಮದ್ದಿನವರ ತಲೆನೋವು ಅಂತ ಬಿಟ್ಟುಬಿಡುತ್ತೇವೆ.

ನಾನೂ ಒಂದು ವರ್ಷ ಫೈಲ್ ಹಿಡಿದು ಓಡಾಡಿದವನೇ. ನಮ್ಮದು ಸಣ್ಣ ದೇವಸ್ಥಾನ, ಬೆಡಿಯೂ ಸಣ್ಣದು. ಅರ್ಜಿ ಕೊಟ್ಟದ್ದು ಒಂದು ತಿಂಗಳ ಮೊದಲು. ಒಂದು ಕಚೇರಿಯಲ್ಲಿ ಇನ್ನೊಂದರ ವರದಿ ಬರಲಿ ಅಂದರು, ಆ ಇನ್ನೊಂದರಲ್ಲಿ ಮೊದಲಿನವರ ಪತ್ರ ಬರಲಿ ಅಂದರು. ಕೊನೆಗೆ ಕಾಗದ ಕೈಗೆ ಸಿಕ್ಕಿದ್ದು ಜಾತ್ರೆಯ ದಿನ ಸಂಜೆ ನಾಲ್ಕಕ್ಕೆ. ಅಷ್ಟರೊಳಗೆ ಬಾಕಿಮಾರು ಗದ್ದೆಯಲ್ಲಿ ಕಬ್ಬಿಣದ ಕೊಳವೆಗಳನ್ನು ಅರ್ಧದವರೆಗೆ ಹೂತು, ಸುತ್ತ ಮರಳು ತುಂಬಿ ಆಗಿತ್ತು. ಗುಂಡುಗಳು, ಗರ್ನಾಲುಗಳು ಗೋಣಿ ಹೊದ್ದುಕೊಂಡು ಪಾತ್ರೆ ಇಡುವ ಕೋಣೆಯಲ್ಲಿ ಮಧ್ಯಾಹ್ನದಿಂದಲೇ ಕೂತಿದ್ದವು. ಪಕ್ಕದಲ್ಲೇ ಅನ್ನಸಂತರ್ಪಣೆಯ ಒಲೆ. ನಾನು ಸ್ವಲ್ಪ ಹೆದರಿ ಕೇಳಿದ್ದಕ್ಕೆ ಮದ್ದಿನವರು ನಕ್ಕರು. "ಕೊಳವೆ ವಾಲಿದರೆ ಮಾತ್ರ ಹೆದರಬೇಕು ಅಣ್ಣ, ಇದು ಮಲಗಿದೆ."

ಅವರು ಕೊಳವೆಯ ಬಗ್ಗೆ ಹೇಳಿದ್ದು ಸರಿಯೇ. ಬುಡದಲ್ಲಿರುವ ಮದ್ದು ಗುಂಡನ್ನು ಮೇಲಕ್ಕೆ ತಳ್ಳುತ್ತದೆ, ಒಳಗಿನ ಬತ್ತಿ ಉರಿದು ಮುಗಿಯುವ ಹೊತ್ತಿಗೆ ಗುಂಡು ತುದಿ ಮುಟ್ಟಿ ಒಡೆಯುತ್ತದೆ. ಕೊಳವೆ ವಾಲಿದರೆ ಅದೇ ಗುಂಡು ಜನರ ನಡುವೆ ಒಡೆಯುತ್ತದೆ. ಅದಕ್ಕೇ ಜನ ನೂರು ಮೀಟರ್ ದೂರ ನಿಲ್ಲಬೇಕು ಅನ್ನುವುದು. ಅಮೆರಿಕದಲ್ಲಿ ಗುಂಡಿನ ಅಗಲ ನೋಡಿ ದೂರ ಲೆಕ್ಕ ಹಾಕುತ್ತಾರೆ, ಒಂದು ಇಂಚಿಗೆ 70 ಅಡಿ. ನಮ್ಮಲ್ಲಿ ಎಲ್ಲಕ್ಕೂ ಒಂದೇ ಅಳತೆ.

ಆದರೆ "ಮಲಗಿದೆ" ಅಂದರಲ್ಲ, ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ.

ಕೋರ್ಟುಗಳ ಕತೆ ಬೇರೆ ದಾರಿಯಲ್ಲಿ ನಡೆಯಿತು. 2005ರ ಜುಲೈ 18ರಂದು ಸುಪ್ರೀಂ ಕೋರ್ಟ್ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಪಟಾಕಿ ಬೇಡ ಅಂದಿತು. ಅದು ಶಬ್ದ ಮಾಲಿನ್ಯದ ಕೇಸು. 2018ರ ಅಕ್ಟೋಬರ್ 23ರಂದು ಹಸಿರು ಪಟಾಕಿ (ಹೊಗೆ ಕಡಿಮೆ ಬಿಡುವಂಥದ್ದು) ಮಾತ್ರ, ದೀಪಾವಳಿಗೆ ರಾತ್ರಿ 8ರಿಂದ 10 ಮಾತ್ರ, ಸರಪಟಾಕಿ ಬೇಡ, ಬೇರಿಯಂ ಬೇಡ ಅಂದಿತು. ಅದು ದೆಹಲಿಯ ಹೊಗೆಯಿಂದ ಹುಟ್ಟಿದ ಕೇಸು. ಎರಡೂ ಬೇಕಾದ ಆದೇಶಗಳೇ, ನನ್ನ ತಕರಾರಿಲ್ಲ. ಆದರೆ ಅಲ್ಲಿಂದ ಮುಂದೆ ಪಟಾಕಿಯ ಚರ್ಚೆ ಅಂದರೆ ಸದ್ದು, ಹೊಗೆ, ಟೈಮು ಅಷ್ಟೇ ಆಗಿಹೋಯಿತು. ಟಿವಿಯಲ್ಲೂ ಅದೇ, ಕಟ್ಟೆಯಲ್ಲೂ ಅದೇ. ಮದ್ದು ಎಲ್ಲಿ ಮಲಗಿದೆ ಅಂತ ಕೇಳಿದವರು ಕಡಿಮೆ.

2016ರ ಏಪ್ರಿಲ್ 10. ಕೇರಳದ ಕೊಲ್ಲಂ ಹತ್ತಿರ ಪರವೂರು, ಪುಟ್ಟಿಂಗಲ್ ದೇವಸ್ಥಾನ. ಅಲ್ಲಿ ಬೆಡಿ ಅಂದರೆ ಪಂದ್ಯ, ಎರಡು ತಂಡಗಳ ನಡುವೆ ಯಾರದ್ದು ಜೋರು ಅಂತ. ಜಿಲ್ಲಾಡಳಿತ ಪರ್ಮಿಷನ್ ಇಲ್ಲ ಅಂತ ಬರೆದೇ ಕೊಟ್ಟಿತ್ತು. ಆದರೂ ನಡೆಯಿತು. ಬೆಳಗಿನ ಜಾವ ಮೂರೂವರೆ ಸುಮಾರಿಗೆ ಒಂದು ಕಿಡಿ ಮದ್ದು ತುಂಬಿಟ್ಟಿದ್ದ ಕಾಂಕ್ರೀಟ್ ಕಟ್ಟಡಕ್ಕೆ ತಗುಲಿತು. ಕಟ್ಟಡವೇ ಸಿಡಿಯಿತು. ಅದರ ಕಾಂಕ್ರೀಟ್ ತುಂಡುಗಳು ದೂರದಲ್ಲಿ ನಿಂತವರನ್ನೂ ಬಿಡಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಮುನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು. 1992ರಲ್ಲೇ ಗಂಧಕದ ಜೊತೆ ಕ್ಲೋರೇಟ್ ಬೆರೆಸುವುದನ್ನು ಕೇಂದ್ರ ನಿಷೇಧಿಸಿತ್ತು. ಆ ಮಿಶ್ರಣ ಅಗ್ಗ, ಬಣ್ಣವೂ ಚೆನ್ನ, ಆದರೆ ಜೋರಾಗಿ ಉಜ್ಜಿದರೂ ಸಾಕು, ಹೊತ್ತಿಕೊಳ್ಳುತ್ತದೆ. ಪುಟ್ಟಿಂಗಲ್ ತನಿಖೆಯಲ್ಲೂ ಪೊಟ್ಯಾಸಿಯಂ ಕ್ಲೋರೇಟಿನ ಮಾತು ಬಂತು. ದುರಂತವಾದ ಎರಡೇ ದಿನಕ್ಕೆ ಕೇರಳ ಹೈಕೋರ್ಟ್ ಸೂರ್ಯಾಸ್ತದ ನಂತರ ಜೋರು ಸದ್ದಿನ ಸುಡುಮದ್ದು ಬೇಡ ಅಂದಿತು. ಗಮನಿಸಿ, ಮತ್ತೆ ಸದ್ದು, ಮತ್ತೆ ಟೈಮು. ಸಿಡಿದದ್ದು ಉಗ್ರಾಣ.

ನಮ್ಮ ರಾಜ್ಯದಲ್ಲೂ ಹಾಗೇ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯಲ್ಲಿ ಲಾರಿಯಿಂದ ಪಟಾಕಿ ಇಳಿಸುತ್ತಿದ್ದಾಗ ಬೆಂಕಿ ಹತ್ತಿತು. ಅಂಗಡಿಯೂ ಗೋದಾಮೂ ಒಂದೇ. ಅವತ್ತೇ 14 ಜನ ಹೋದರು, ಆಸ್ಪತ್ರೆಯಲ್ಲಿ ಮತ್ತೆ ಕೆಲವರು. ಹಬ್ಬದ ಸೀಸನ್ನಿನಲ್ಲಿ ನಾಲ್ಕು ಕಾಸು ದುಡಿಯಲು ತಮಿಳುನಾಡಿನಿಂದ ಬಂದಿದ್ದ ಹುಡುಗರೇ ಜಾಸ್ತಿ. ಕೆಲವೇ ದಿನಗಳಲ್ಲಿ ಸರ್ಕಾರ ಮದುವೆಗೆ, ರಾಜಕೀಯ ಮೆರವಣಿಗೆಗೆ, ಗಣೇಶನ ಹಬ್ಬಕ್ಕೆ ಪಟಾಕಿ ಬೇಡ ಅಂದಿತು. ಗೋದಾಮಿನಲ್ಲಿ ಆದ ಅನಾಹುತಕ್ಕೆ ದಿಬ್ಬಣದವರ ಪಟಾಕಿ ನಿಂತಿತು. ಅಂದರೆ, ನಿಲ್ಲಬೇಕಿತ್ತು. 2024ರ ಜನವರಿ 28ರಂದು ಬೆಳ್ತಂಗಡಿ ತಾಲೂಕಿನ ವೇಣೂರು ಹತ್ತಿರ ಸುಡುಮದ್ದು ತಯಾರಿಸುವ ಜಾಗದಲ್ಲೇ ಸ್ಫೋಟವಾಗಿ ಮೂವರು ಸತ್ತರು. ಅದು ಮೊದಲನೆಯ ಕಾಗದದ, ಅಂದರೆ ತಯಾರಿ ಲೈಸೆನ್ಸಿನ ಜಾಗ.

ಉಗ್ರಾಣದ ಮಾತು ಗಟ್ಟಿಯಾಗಿ ಬಂದದ್ದು 2024ರ ಅಕ್ಟೋಬರ್ 11ರ ಕೇಂದ್ರದ ತಿದ್ದುಪಡಿಯಲ್ಲಿ. ಮದ್ದು ಹಾರಿಸುವ ಜಾಗಕ್ಕೂ ಮದ್ದು ಇಡುವ ಜಾಗಕ್ಕೂ 200 ಮೀಟರ್ ಇರಬೇಕು. ಜನ 100 ಮೀಟರ್ ಆಚೆ. ಹಾರಿಸುವವರಿಗೆ, ಅವರ ಸಹಾಯಕರಿಗೆ ಪೆಸೊ ಸರ್ಟಿಫಿಕೇಟ್. ತ್ರಿಶೂರಿನಲ್ಲಿ ಗಲಾಟೆಯೇ ಎದ್ದಿತು. ಅಲ್ಲಿನ ದೊಡ್ಡ ಜಾತ್ರೆ ಪೂರಂ ನಡೆಯುವ ತೇಕ್ಕಿನ್‌ಕಾಡು ಮೈದಾನ ಊರ ನಡುವೆ ಇದೆ, 200 ಮೀಟರ್ ಎಲ್ಲಿಂದ ತರುವುದು? ಕೇರಳ ಸರ್ಕಾರವೂ ದೇವಸ್ವಂಗಳ, ಅಂದರೆ ದೇವಸ್ಥಾನದ ಆಡಳಿತದವರ ಜೊತೆ ನಿಂತಿತು. ಅವರ ಸಂಕಟ ಸುಳ್ಳಲ್ಲ. ದೇವಸ್ಥಾನ ಮೊದಲು ಬಂತು, ಊರು ಆಮೇಲೆ ಸುತ್ತ ಬೆಳೆಯಿತು. ಪುತ್ತೂರಿನವರಿಗಾದರೂ ಎದುರಿಗೆ ದೇವರಮಾರು ಗದ್ದೆ ಇದೆ. ಎಲ್ಲರಿಗೂ ಆ ಭಾಗ್ಯ ಇಲ್ಲ.

ಈ ಜಗಳ ಬಿಸಿಯಾಗಿದ್ದಾಗಲೇ, ತಿದ್ದುಪಡಿ ಬಂದು 17 ದಿನಕ್ಕೆ, ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ಒಂದು ದೇವಸ್ಥಾನದ ತೆಯ್ಯಂ, ನಮ್ಮ ಭೂತಕೋಲದಂಥದ್ದು. ಅಕ್ಟೋಬರ್ 28ರ ರಾತ್ರಿ. ದೊಡ್ಡ ಬೆಡಿಯೇನಲ್ಲ, ಸಣ್ಣ ಪಟಾಕಿ. ಲೈಸೆನ್ಸ್ ಇರಲಿಲ್ಲ. ಹಾರಿಸುತ್ತಿದ್ದ ಜಾಗದ ಪಕ್ಕದಲ್ಲೇ ಇದ್ದ ಶೆಡ್ಡಿಗೆ ಕಿಡಿ ಹೋಯಿತು. 150ಕ್ಕೂ ಹೆಚ್ಚು ಜನಕ್ಕೆ ಗಾಯ. ಸುಟ್ಟ ಗಾಯದವರನ್ನು ಮಂಗಳೂರಿನ ಆಸ್ಪತ್ರೆಗಳಿಗೂ ತಂದರು. ಹಲವರು ಉಳಿಯಲಿಲ್ಲ. ಅಲ್ಲಿ ಗುಂಡಿನ ಎತ್ತರ, ಸದ್ದು, ಬಣ್ಣ ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಆಮೇಲೆ ಏನಾಯಿತು? 2025ರ ಪೂರಂ ಹೊತ್ತಿಗೆ ಒಂದು ಉಪಾಯ ಸಿಕ್ಕಿತು. ಮದ್ದನ್ನೆಲ್ಲ ಮೊದಲೇ ಮೈದಾನಕ್ಕೆ ತಂದು ಉಗ್ರಾಣ ಖಾಲಿ ಮಾಡಿದರೆ ಅದು ಉಗ್ರಾಣವೇ ಅಲ್ಲ, ಹಾಗಾಗಿ 200 ಮೀಟರಿನ ನಿಯಮ ಅನ್ವಯಿಸುವುದಿಲ್ಲ ಅನ್ನುವ ವಾದ. ಪೂರಂ ಬೆಡಿ ನಡೆಯಿತು, ಚೆನ್ನಾಗಿಯೇ ನಡೆಯಿತು. ಕಾನೂನಿನ ಅಕ್ಷರಕ್ಕೆ ಆ ವಾದ ಸರಿಯಿರಬಹುದು. ಆದರೆ ಉಗ್ರಾಣ ಖಾಲಿಯಾದರೆ ಮದ್ದೆಲ್ಲ ಇರುವುದು ಮೈದಾನದಲ್ಲೇ ಅಲ್ವಾ?

ಈ ಸಲ ನಮ್ಮೂರಿನ ಫೈಲ್ ಬೇರೆಯವರು ನೋಡಿಕೊಳ್ಳುತ್ತಿದ್ದಾರೆ. ಅರ್ಜಿಯ ಜೊತೆ ಜಾಗದ ನಕ್ಷೆ ಬೇಕು ಅಂದದ್ದಕ್ಕೆ ನನ್ನ ಹಳೆಯದನ್ನೇ ಕೇಳಿದರು. ತೆಗೆದು ನೋಡಿದೆ. ಗುಡಿ ಇದೆ, ಗದ್ದೆ ಇದೆ, ಜನ ನಿಲ್ಲುವ ಕಡೆ ಹಗ್ಗದ ಗೆರೆ ಇದೆ, ಫೈರ್ ಗಾಡಿಗೆ ಬಾಣದ ಗುರುತೂ ಇದೆ. ಪಾತ್ರೆ ಕೋಣೆಯನ್ನು ನಾನು ಬರೆದೇ ಇರಲಿಲ್ಲ. ಪೆನ್ನಿನಲ್ಲಿ ಒಂದು ಚೌಕ ಹಾಕಿ, ಗದ್ದೆಯ ಕೊಳವೆಗೂ ಅದಕ್ಕೂ ಟೇಪ್ ಹಿಡಿದು ಅಳೆಸಿದೆ. 38 ಮೀಟರ್. ಚೌಕ ಇರುವ ನಕ್ಷೆ ಕೊಟ್ಟರೆ ಪರ್ಮಿಷನ್ ಸಿಗುತ್ತಾ ಅಂತ ಮೊಕ್ತೇಸರರು ಕೇಳಿದರು. ಸದ್ಯ ಎರಡೂ ನಕ್ಷೆ ಅವರ ಮೇಜಿನ ಮೇಲಿವೆ.