ಕೊಯ್ಲು ಮುಗಿಸಿ ಬರುತ್ತೇನೆ ಎನ್ನುವವರಿಗೆ

ಕೊಡಗಿನಿಂದ ಮೈಸೂರಿಗೆ ಬಂದು ವಿಕಿರಣ ಚಿಕಿತ್ಸೆ ಪಡೆಯುವವರು, ಊರಿನ ಮಾತಿನಲ್ಲಿ ‘ಕರೆಂಟ್ ಕೊಡಿಸಿಕೊಳ್ಳುವವರು’, ಮೊದಲ ದಿನವೇ ಕೇಳುವ ಪ್ರಶ್ನೆ ಮನೆಗೆ ಹೋಗಿ ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದೇ ಎಂಬುದು. ಧಾರಾಳವಾಗಿ ಎತ್ತಿಕೊಳ್ಳಿ; ಹೊರಗಿನಿಂದ ಕೊಡುವ ಕಿರಣ ಯಂತ್ರ ನಿಂತೊಡನೆ ನಿಲ್ಲುತ್ತದೆ, ಮೈಯಲ್ಲಿ ಏನೂ ಉಳಿಯುವುದಿಲ್ಲ. ಆದರೆ ನಡುವೆ ಹತ್ತು ದಿನ ತಪ್ಪಿಸಿದರೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ, ನನ್ನ ಸಂಕಟವೆಲ್ಲ ಅಲ್ಲಿದೆ.

ವಿರಾಜಪೇಟೆ ಕಡೆಯ ಹಿರಿಯರೊಬ್ಬರಿಗೆ ಗಂಟಲಿನ ಕ್ಯಾನ್ಸರಿಗಾಗಿ ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ), ವಾರಕ್ಕೆ 5 ದಿನ, ಒಟ್ಟು 35 ಸಲ ವಿಕಿರಣ ಕೊಡಬೇಕಿತ್ತು. ನಾಲ್ಕನೆಯ ವಾರಕ್ಕೆ ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯದಾಯಿತು, ತೋಟದಲ್ಲಿ ರೊಬಸ್ಟಾ ಹಣ್ಣಾಗಿತ್ತು, ಆಳುಗಳು ಸಿಕ್ಕಿದ್ದರು. “ಗಡ್ಡೆ ಕರಗಿದೆಯಲ್ಲ ಡಾಕ್ಟ್ರೇ, ಉಳಿದದ್ದನ್ನು ಕೊಯ್ಲು ಮುಗಿಸಿ ಬಂದು ತೆಗೆದುಕೊಳ್ಳುತ್ತೇನೆ” ಎಂದು ಹೋದವರು ಹನ್ನೆರಡನೆಯ ದಿನ ಮರಳಿದರು.

ಸೊಸೈಟಿ ಸಾಲದ ಕಂತಿನಂತೆ ಉಳಿದದ್ದನ್ನು ಆಮೇಲೆ ಕಟ್ಟಿ ತೀರಿಸಬಹುದೆಂಬ ಈ ಎಣಿಕೆಯೇ ತಪ್ಪು. ಪ್ರತಿದಿನದ ಕಿರಣದಿಂದಾದ ಗಾಯವನ್ನು ಆರೋಗ್ಯವಂತ ಜೀವಕೋಶಗಳು ಮರುದಿನದೊಳಗೆ ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಆ ಶಕ್ತಿ ಕಡಿಮೆ. ಚಿಕಿತ್ಸೆಯನ್ನು ದಿನದಿನಕ್ಕೆ ಹಂಚುವುದು ಇದಕ್ಕಾಗಿಯೇ. ಆದರೆ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರುಗಳಲ್ಲಿ ಸುಮಾರು ನಾಲ್ಕನೆಯ ವಾರದ ನಂತರ, ಬದುಕುಳಿದ ಕೋಶಗಳು ಮೊದಲಿಗಿಂತ ವೇಗವಾಗಿ ವೃದ್ಧಿಯಾಗತೊಡಗುತ್ತವೆ. ಗಡ್ಡೆ ಕೈಗೆ ಸಿಗದಷ್ಟು ಕರಗಿರುವ ಹೊತ್ತಿನಲ್ಲೇ ಇದು ನಡೆಯುವುದರಿಂದ ರೋಗಿ ಮೋಸಹೋಗುತ್ತಾನೆ. ಆ ಹಂತದಲ್ಲಿ ತಪ್ಪಿದ ಒಂದೊಂದು ದಿನವೂ ಸುಮಾರು 0.6 ಗ್ರೇಯಷ್ಟು ಪರಿಣಾಮವನ್ನು ನುಂಗುತ್ತದೆ, ರೋಗ ಹತೋಟಿಗೆ ಬರುವ ಸಾಧ್ಯತೆ ದಿನಕ್ಕೆ ಶೇಕಡಾ ಒಂದರಷ್ಟು ಕುಗ್ಗುತ್ತದೆ. ಗರ್ಭಕೊರಳಿನ ಕ್ಯಾನ್ಸರಿನಲ್ಲೂ ಒಳಗಿನಿಂದ ಕೊಡುವ ವಿಕಿರಣವೂ ಸೇರಿ ಎಲ್ಲವನ್ನೂ ಎಂಟು ವಾರಗಳೊಳಗೆ ಮುಗಿಸಬೇಕೆನ್ನುವುದು ಇಂಥದೇ ಕಾರಣಕ್ಕೆ. ಎಲ್ಲ ಕ್ಯಾನ್ಸರುಗಳಿಗೂ ಇದೇ ಲೆಕ್ಕ ಅನ್ವಯಿಸದು. ನಿಮ್ಮದನ್ನು ನಿಮ್ಮ ವೈದ್ಯರೇ ಹೇಳಬೇಕು.

ಅಡ್ಡಪರಿಣಾಮಗಳಿಲ್ಲವೆಂದು ನಾನು ಹೇಳುವುದಿಲ್ಲ. ಬಾಯಿ ಒಣಗುವುದು ವರ್ಷಗಟ್ಟಲೆ ಉಳಿಯಬಹುದು, ಹಲ್ಲುಗಳನ್ನು ಮೊದಲೇ ತೋರಿಸಿಕೊಳ್ಳದಿದ್ದರೆ ಮುಂದೆ ದವಡೆಯ ಮೂಳೆಗೇ ತೊಂದರೆಯಾಗಬಹುದು. ಬಾಯಿಹುಣ್ಣು ಮಾತ್ರ ಸಾಮಾನ್ಯವಾಗಿ ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಮಾಯುತ್ತದೆ, ಅಲ್ಲಿಯವರೆಗೆ ನೋವಿಗೆ ಔಷಧವಿದೆ, ನುಂಗಲಾಗದಿದ್ದರೆ ಮೂಗಿನ ನಳಿಕೆಯಿಂದ ಆಹಾರ ಕೊಡಬಹುದು.

ಆ ಹಿರಿಯರಿಗೆ ಕೆಲವು ದಿನ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡೆರಡು ಸಲ, ಶನಿವಾರವೂ ಸೇರಿಸಿ ಕೊಟ್ಟೆವು; ಹನ್ನೆರಡು ದಿನವೂ ತುಂಬಿ ಬರಲಿಲ್ಲ. ಕೊಯ್ಲಿನ ವಿಷಯವನ್ನು ಅವರು ಮೊದಲ ದಿನವೇ ಹೇಳಿದ್ದರೆ, ತೋಟ ನೋಡಿಕೊಳ್ಳುವವರು ಯಾರೆಂದು ಅವರ ಮಗನನ್ನು ಕರೆಸಿ ನಾನೇ ಕೇಳುತ್ತಿದ್ದೆ.