ತುಂಡು ಬಿಟ್ಟೆ, ಸಾರು ಮಾತ್ರ

"ಬೀಫ್ ಮುಟ್ಟುವುದೇ ಇಲ್ಲ ಮೇಡಂ. ಸಾರು ಮಾತ್ರ, ಅನ್ನ ನೆನೆಯುವಷ್ಟು."

ಉಳ್ಳಾಲದಿಂದ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಬರುವ ನಿವೃತ್ತ ಬಸ್ ಡ್ರೈವರ್ ಅವರು. ರಕ್ತದ ಪೊಟ್ಯಾಸಿಯಂ 6 ದಾಟಿ ಅಪಾಯಕ್ಕೆ ಏರಿದ ರಿಪೋರ್ಟು ನನ್ನ ಮೇಜಿನ ಮೇಲಿತ್ತು. ಪಕ್ಕದಲ್ಲಿದ್ದ ಹೆಂಡತಿಗೆ ಹೆಮ್ಮೆ: "ತುಂಡೆಲ್ಲ ನಾನೇ ಹೆಕ್ಕಿ ತೆಗೆಯುವುದು."

ಬಿಡಬೇಕಾದದ್ದನ್ನು ಉಂಡು, ಉಣ್ಣಬಹುದಾದದ್ದನ್ನು ಬಿಟ್ಟಿದ್ದರು. ಮಂಗಳೂರಿನಲ್ಲಿ ಕಿಡ್ನಿ ರೋಗಿಗಳ ಊಟದ ಪಟ್ಟಿ ಬರೆಯುವ ನನಗೆ ಇದು ಮತ್ತೆ ಮತ್ತೆ ಕೇಳುವ ಕಥೆ. ಕೋಳಿಯಲ್ಲೂ ಇದೇ, ಆಡಿನಲ್ಲೂ ಇದೇ.

ಮಾಂಸ ಬೇಯುವಾಗ, ಸೋತ ಕಿಡ್ನಿ ಸರಿಯಾಗಿ ಹೊರಹಾಕಲಾರದ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ, ಅಂಥದ್ದೇ ರಂಜಕವೂ (ಫಾಸ್ಫರಸ್) ಒಂದಿಷ್ಟು ಇಳಿಯುತ್ತದೆ. ಪ್ರೋಟೀನಿನ ಬಹುಪಾಲು ತುಂಡಿನಲ್ಲೇ ಕೂತಿರುತ್ತದೆ. ಆ ನೀರಿಗೇ ಉಪ್ಪು, ಟೊಮೆಟೊ, ಅರೆದ ಕಾಯಿ ಬೀಳುವುದು. ಟೊಮೆಟೊ, ಕಾಯಿ ಎರಡರಲ್ಲೂ ಮತ್ತೆ ಪೊಟ್ಯಾಸಿಯಂ. ಮೇಲಾಗಿ, ಮೂತ್ರ ಕಡಿಮೆಯಾದವರಿಗೆ ಸಾರೂ ನೀರೇ. ಲೋಟದ ನೀರನ್ನು ಅಳೆದು ಕುಡಿಯುವವರು ಬಟ್ಟಲಿನ ಸಾರನ್ನು ಅಳೆಯುವುದಿಲ್ಲ ಮಾರಾಯ್ರೇ!

"ಹಾಗಾದರೆ ಬೀಫ್ ತಿನ್ನಬಹುದಾ?" ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಕೊಬ್ಬಿಲ್ಲದ ಬೇಯಿಸಿದ ಬೀಫ್ 100 ಗ್ರಾಮಿನಲ್ಲಿ ಸುಮಾರು 26 ಗ್ರಾಂ ಪ್ರೋಟೀನ್ ಉಂಟು. ಕಿಡ್ನಿ ಸೋತಿದ್ದರೂ ಡಯಾಲಿಸಿಸ್ ಶುರುವಾಗದವರಿಗೆ ಸಾಮಾನ್ಯವಾಗಿ ತೂಕದ ಕಿಲೋಗೆ 0.6ರಿಂದ 0.8 ಗ್ರಾಂ ಪ್ರೋಟೀನ್ ಸಾಕು. ಅಂದರೆ 60 ಕಿಲೋದವರಿಗೆ ದಿನಕ್ಕೆ 36ರಿಂದ 48 ಗ್ರಾಂ. ಆ 100 ಗ್ರಾಂ ಬೀಫಿಗೇ ಅರ್ಧಕ್ಕಿಂತ ಹೆಚ್ಚು ಮುಗಿಯಿತು. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ: ಕಿಲೋಗೆ 1ರಿಂದ 1.2 ಗ್ರಾಂ ಬೇಕು, ಯಾಕೆಂದರೆ ಯಂತ್ರ ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳನ್ನೂ ಹೊರಗೆ ಎಳೆಯುತ್ತದೆ. ಆದರೆ ಹೆಚ್ಚಿನವರ ಮನೆಯ ಫ್ರಿಜ್ಜಿನ ಮೇಲೆ ಹಳೇ ಪಟ್ಟಿಯೇ ಅಂಟಿಕೊಂಡಿರುತ್ತದೆ. ಇವರದ್ದೂ ಹಾಗೆಯೇ. ತೋಳು ಸೊರಗಿತ್ತು, ಶರಟು ಜೋತು ಬಿದ್ದಿತ್ತು.

ಹೆಂಡತಿಗೆ ಹೇಳಿದೆ: ಸಣ್ಣ ತುಂಡು ಮಾಡಿ, ಉಪ್ಪು ಹಾಕದೆ ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರು ಬಸಿದುಬಿಡಿ. ಆಮೇಲೆ ಕಾಳುಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ ಹಾಕಿ ಡ್ರೈ ಮಾಡಿ. 'ಲೋ ಸೋಡಿಯಂ' ಉಪ್ಪು ಬೇಡ, ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಬಸಿದರೂ ಪೊಟ್ಯಾಸಿಯಂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಎಷ್ಟು ತುಂಡು, ವಾರಕ್ಕೆ ಎಷ್ಟು ಸಲ ಎನ್ನುವುದನ್ನು ಅವರವರ ರಿಪೋರ್ಟು ನೋಡಿ, ಕಿಡ್ನಿ ಡಾಕ್ಟರ್ (ನೆಫ್ರಾಲಜಿಸ್ಟ್) ಹತ್ತಿರ ಕೇಳಿಯೇ ಹೇಳಬೇಕು. ಪೊಟ್ಯಾಸಿಯಂ ಇಳಿಯುವವರೆಗೆ ಇವರಿಗೆ ಸಾರು ಪೂರ್ತಿ ಬಂದ್.

"ಸತ್ವವೆಲ್ಲ ಬಸಿದು ಹೋಗುವುದಿಲ್ಲವಾ?" ಎಂದರು. ಎಲ್ಲ ಇಲ್ಲಮ್ಮಾ, ಹೋಗುವುದು ಹೆಚ್ಚಾಗಿ ಬಣ್ಣ, ರುಚಿ ಮತ್ತು ನಮಗೆ ಬೇಡದ್ದು.

ಮರುವಾರ ಮತ್ತೆ ಬಂದರು. ಬಸಿದ ನೀರು ಚೆಲ್ಲಲು ಮನಸ್ಸು ಬರಲಿಲ್ಲವಂತೆ, ಮಗನಿಗೆ ಸಾರು ಮಾಡಿದರಂತೆ. ತೊಂದರೆ ಇಲ್ಲ, ಅವನ ಕಿಡ್ನಿ ಸರಿ ಇದೆಯಲ್ಲ ಎಂದೆ.

"ಗೊತ್ತಿಲ್ಲ ಮೇಡಂ. ಅವನಿಗೂ ಶುಗರ್ ಉಂಟು."

ಮಗನ ಹೆಸರಿನಲ್ಲಿ, ಕಿಡ್ನಿ ಹೇಗಿದೆಯೆಂದು ತಿಳಿಯಲು, ಕ್ರಿಯಾಟಿನಿನ್, ಯೂರಿನ್ ಪರೀಕ್ಷೆ ಎರಡನ್ನೂ ಚೀಟಿಯಲ್ಲಿ ಬರೆದುಕೊಟ್ಟೆ.